ಹಿಟ್ಟು ಎಲ್ಲಿಂದ, ಉರಿ ಎಲ್ಲಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ನಿಲಯದವರು ಪತ್ರದಲ್ಲಿ ಬರೆದಿರುವ ವಿಷಯ ‘ಪರಿಸರ ವ್ಯವಸ್ಥೆಯಲ್ಲಿ ಜೀವಿಗಳು ಶಕ್ತಿಯನ್ನೂ ಇಂಗಾಲವನ್ನೂ ಪಡೆಯುವ ಬಗೆ’. ಇದನ್ನು ಕೇಳಿದ ಕೂಡಲೇ ಅರ್ಧ ಜನ ರೇಡಿಯೊ ಆರಿಸಲು ಎದ್ದಿರುತ್ತೀರಿ. ದಯವಿಟ್ಟು ಕೂತುಕೊಳ್ಳಿ. ಅಡುಗೆಮನೆಯಲ್ಲಿರುವವರು ಅಲ್ಲಿಂದಲೇ ಕೇಳಿ, ಹೊಲದ ಬದುವಿನ ಮೇಲೆ ಕೂತು ಫೋನಿನಲ್ಲಿ ಹಾಕಿಕೊಂಡಿರುವವರು ಹಾಗೇ ಕೇಳಿ. ನಾನು ಹೇಳುವುದು ಒಂದೇ ಮಾತು. ಪಾಠ ಹೇಳಿದಷ್ಟು ಕಾಲವೂ ಇದನ್ನೇ ಹೇಳಿಕೊಂಡು ಬಂದೆ, ಇವತ್ತೂ ಅದನ್ನೇ ಹೇಳುತ್ತೇನೆ.

ರೊಟ್ಟಿ ಮಾಡಲು ಏನು ಬೇಕು? ಹಿಟ್ಟು ಬೇಕು. ಬರೀ ಹಿಟ್ಟಿದ್ದರೆ ಆಯಿತೇ? ಒಲೆಯಲ್ಲಿ ಉರಿಯೂ ಬೇಕು. ಹಿಟ್ಟು ಬರುವುದು ಗಿರಣಿಯಿಂದ, ಉರಿ ಬರುವುದು ಸೌದೆಯಿಂದ, ಇಲ್ಲವೇ ಸಿಲಿಂಡರಿನಿಂದ. ಹಿಟ್ಟು ಬೇರೆ, ಉರಿ ಬೇರೆ. ಇಷ್ಟೇ ನನ್ನ ಭಾಷಣ. ಬಂಡೀಪುರದ ಆನೆಯಾಗಲಿ, ನಿಮ್ಮ ಹಿತ್ತಲಿನ ನುಗ್ಗೆಮರವಾಗಲಿ, ಮೊಸರಿನ ಬ್ಯಾಕ್ಟೀರಿಯಾ ಆಗಲಿ, ಮೈ ಕಟ್ಟಿಕೊಳ್ಳಲು ಇವೆರಡೂ ಬೇಕು. ಜೀವಿಯ ಹಿಟ್ಟು ಎಂದರೆ ಇಂಗಾಲ. ಸಕ್ಕರೆ, ಕೊಬ್ಬು, ಪ್ರೋಟೀನು, ಮರದ ನಾರು, ನಮ್ಮ ಚರ್ಮ, ಎಲ್ಲದರ ಬೆನ್ನೆಲುಬೂ ಇಂಗಾಲವೇ. ಜೀವಿಯ ಉರಿ ಎಂದರೆ ಶಕ್ತಿ. ಯಾವ ಜೀವಿಯನ್ನು ಕಂಡರೂ ಈ ಎರಡು ಪ್ರಶ್ನೆಯನ್ನು ಬಿಡಿಬಿಡಿಯಾಗಿ ಕೇಳಿ. ಹಿಟ್ಟು ಎಲ್ಲಿಂದ? ಉರಿ ಎಲ್ಲಿಂದ?

ನಾವು ಹೀಗೆ ಬಿಡಿಸಿ ಕೇಳುವುದಿಲ್ಲ, ಅದಕ್ಕೆ ನಮ್ಮ ಊಟವೇ ಕಾರಣ. ಒಂದು ತುತ್ತು ಮುದ್ದೆ ನುಂಗಿದರೆ ಅದರಲ್ಲೇ ಹಿಟ್ಟೂ ಉಂಟು, ಉರಿಯೂ ಉಂಟು. ಒಂದು ಪಾಲು ಮೈಗೆ ಸೇರುತ್ತದೆ. ಇನ್ನೊಂದು ಪಾಲು ಒಳಗೇ ಉರಿದು ಶಕ್ತಿ ಕೊಟ್ಟು, ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತದೆ. ದಿನವೊಂದಕ್ಕೆ ಒಬ್ಬರ ಉಸಿರಿನಲ್ಲಿ ಹೀಗೆ ಹೋಗುವ ಅನಿಲದ ತೂಕ ಸುಮಾರು 1 ಕೆ.ಜಿ. ಎರಡೂ ಒಂದೇ ತಟ್ಟೆಯಲ್ಲಿ ಬರುವುದರಿಂದ ಎರಡೂ ಒಂದೇ ಎಂದು ತಿಳಿದು, ‘ಆಹಾರ’ ಎಂದು ಒಂದೇ ಹೆಸರು ಕೊಟ್ಟು ಕೂತಿದ್ದೇವೆ.

ಈಗ ಗಿಡದ ಹತ್ತಿರ ಬನ್ನಿ. ಗಿಡ ಏನು ತಿನ್ನುತ್ತದೆ ಎಂದು ಕೇಳಿದರೆ ಮಕ್ಕಳು ‘ಮಣ್ಣಿನ ಸಾರ’ ಎನ್ನುತ್ತಾರೆ, ದೊಡ್ಡವರು ‘ಗೊಬ್ಬರ’ ಎನ್ನುತ್ತಾರೆ. ನನಗೆ ಇದನ್ನು ಕೇಳಿದರೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. ಮನೆಯಲ್ಲಿ ಹಂಡೆ ಒಲೆ ಇರುವವರು ಒಂದು ಕೆಲಸ ಮಾಡಿ. ಚೆನ್ನಾಗಿ ಒಣಗಿದ 100 ಕೆ.ಜಿ. ಸೌದೆ ಉರಿದು ಮುಗಿದ ಮೇಲೆ ಬೂದಿ ತೂಗಿ. ಒಂದೆರಡು ಕೆ.ಜಿ. ಸಿಕ್ಕರೆ ಹೆಚ್ಚು. ಮರ ಮಣ್ಣಿನಿಂದ ಎತ್ತಿಕೊಂಡ ಸುಣ್ಣ, ಪೊಟ್ಯಾಷ್, ರಂಜಕ ಎಲ್ಲ ಆ ಬೂದಿಯಲ್ಲಿದೆ. ರೊಟ್ಟಿಗೆ ಹಾಕಿದ ಉಪ್ಪಿನಷ್ಟು. ಬೇಕೇ ಬೇಕು, ಇಲ್ಲದಿದ್ದರೆ ಆಗದು, ಆದರೆ ಉಪ್ಪನ್ನು ಹಿಟ್ಟು ಎನ್ನಬೇಡಿ. ಉಳಿದ ತೊಂಬತ್ತೆಂಟು ಕೆ.ಜಿ. ಎಲ್ಲಿಗೆ ಹೋಯಿತು? ಹೊಗೆಗೂಡಿನಿಂದ ಗಾಳಿಗೆ. ಬಂದದ್ದೂ ಹೆಚ್ಚುಪಾಲು ಅಲ್ಲಿಂದಲೇ.

ಇದನ್ನು ತೂಗಿ ನೋಡಿದ ಮೊದಲಿಗರಲ್ಲಿ ಒಬ್ಬ ಬ್ರಸೆಲ್ಸಿನ ವೈದ್ಯ ಫಾನ್ ಹೆಲ್ಮೊಂಟ್. 200 ಪೌಂಡ್ ಒಣಮಣ್ಣು ತೂಗಿ ಕುಂಡಕ್ಕೆ ತುಂಬಿದ, 5 ಪೌಂಡಿನ ವಿಲ್ಲೋ ಸಸಿ ನೆಟ್ಟ, 5 ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು 2 ಔನ್ಸು! ಇದು ಅಚ್ಚಾದದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನ ತೀರ್ಮಾನ. ಗಾಳಿಯ ಕಡೆ ತಿರುಗಿ ನೋಡಲಿಲ್ಲ. ಅದೇ ಮನುಷ್ಯ 62 ಪೌಂಡ್ ಇದ್ದಿಲು ಸುಟ್ಟು, ಒಂದೇ ಪೌಂಡ್ ಬೂದಿ ಉಳಿದದ್ದನ್ನು ಕಂಡು, ಮಿಕ್ಕದ್ದು ಅನಿಲವಾಗಿ ಹೋಯಿತು ಎಂದೂ ಬರೆದಿಟ್ಟಿದ್ದ. ಎರಡು ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ಗಿಡದ ಹಿಟ್ಟು ಗಾಳಿಯಿಂದ. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಗೊತ್ತೇ? 10,000 ಲೀಟರಿನ ನೀರಿನ ಟ್ಯಾಂಕರ್ ಖಾಲಿ ನಿಂತಿದ್ದರೆ, ಅದರೊಳಗಿನ ಗಾಳಿಯಲ್ಲಿ 4 ಲೀಟರಿಗಿಂತ ಚೂರು ಹೆಚ್ಚು. ಅಷ್ಟರಿಂದಲೇ ಮಂಡ್ಯದ ಕಬ್ಬು, ತೀರ್ಥಹಳ್ಳಿಯ ಅಡಿಕೆ, ವಿಜಯಪುರದ ಜೋಳ. ಎಲೆಯ ಅಡಿಯ ಸಣ್ಣ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತದೆ, ಹಿಟ್ಟು ಸಿಗುತ್ತದೆ. ಉರಿ ಸೂರ್ಯನದು. ಸೂರ್ಯನ ಬೆಳಕು ಗಿಡದ ಮೈಗೆ ಒಂದು ಗ್ರಾಂ ತೂಕವನ್ನೂ ಸೇರಿಸುವುದಿಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಒಂದು ಕ್ಷಣದ ಶಕ್ತಿಯನ್ನೂ ಕೊಡುವುದಿಲ್ಲ. ಹಿಟ್ಟು ಬೇರೆ, ಉರಿ ಬೇರೆ.

ಇಲ್ಲಿಯವರೆಗೆ ಒಪ್ಪುತ್ತೀರಿ. ಆದರೆ ಮನಸ್ಸಿನಲ್ಲಿ ಇನ್ನೊಂದು ವಾಕ್ಯ ಕೂತಿರುತ್ತದೆ. ‘ಎಲ್ಲ ಜೀವಕ್ಕೂ ಉರಿ ಸೂರ್ಯನದೇ.’ ಇದನ್ನು ಗೋಡೆಯ ಮೇಲೆ ಬರೆಸಿರುವ ಶಾಲೆಗಳನ್ನು ಕಂಡಿದ್ದೇನೆ. ಅದಕ್ಕೇ ಈಗ ನಿಮ್ಮನ್ನು ಸಮುದ್ರದ ತಳಕ್ಕೆ ಕರೆದುಕೊಂಡು ಹೋಗುತ್ತೇನೆ.

1977ರ ಫೆಬ್ರವರಿ. ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳಿವೆಯಲ್ಲ, ಡಾರ್ವಿನ್ ಹೋಗಿದ್ದ ಜಾಗ, ಅದರ ಆಚೆಗೆ ಸಮುದ್ರದ ತಳ ಸೀಳಿಕೊಂಡು ಎರಡು ಕಡೆಗೆ ಸರಿಯುತ್ತಿದೆ. ಸೀಳಿನಲ್ಲಿ ನೀರು ಇಳಿದು, ಕೆಳಗಿನ ಕಾದ ಬಂಡೆಗೆ ತಾಗಿ, ಬಿಸಿನೀರಿನ ಬುಗ್ಗೆಯಾಗಿ ಮೇಲೆ ಬರುತ್ತಿರಬೇಕು ಎಂದು ಭೂವಿಜ್ಞಾನಿಗಳ ಲೆಕ್ಕ. ಕಣ್ಣಾರೆ ಕಂಡವರಿಲ್ಲ. ಹುಡುಕಲು ಹಡಗು ಹೊರಟಿತು. ಹಡಗಿನ ವಿಜ್ಞಾನಿಗಳೆಲ್ಲ ಕಲ್ಲಿನವರು, ನೀರಿನ ರಸಾಯನದವರು. ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಅಷ್ಟು ಆಳದಲ್ಲಿ ಅವರಿಗೆ ಏನು ಕೆಲಸ?

ಮೊದಲು ‘ಆಂಗಸ್’ ಎಂಬ ಕ್ಯಾಮೆರಾ ಚೌಕಟ್ಟನ್ನು ತಳದ ಹತ್ತಿರ ಎಳೆದುಕೊಂಡು ಹೋದರು. ಒಂದು ಕಡೆ ಕೆಲವೇ ನಿಮಿಷ ನೀರು ತುಸು ಬೆಚ್ಚಗಾಗಿ ಮತ್ತೆ ತಣ್ಣಗಾಯಿತು. ಫಿಲ್ಮ್ ಮೇಲೆ ಬಂದು ತೊಳೆದು ನೋಡಿದರೆ ಸುಮಾರು 3,000 ಚಿತ್ರ. ಬರೀ ಲಾವಾ ಕಲ್ಲು, ಕಲ್ಲು, ಕಲ್ಲು. ನಡುವೆ 13 ಚಿತ್ರಗಳಲ್ಲಿ ಮಾತ್ರ ಕಲ್ಲು ಕಾಣದಷ್ಟು ಬಿಳಿ ಚಿಪ್ಪುಗಳು! ನೀರು ಬೆಚ್ಚಗಾದ ಜಾಗದ್ದೇ ಆ ಹದಿಮೂರು.

ಆಮೇಲೆ ‘ಆಲ್ವಿನ್’ ಇಳಿಯಿತು. ಆಲ್ವಿನ್ ಅಂದರೆ ಮೂರು ಜನ ಮುದುಡಿಕೊಂಡು ಕೂರುವ ಸಣ್ಣ ಜಲಾಂತರ್ಗಾಮಿ. 2,500 ಮೀಟರ್ ಆಳ. ಸಾವಿರ ಮೀಟರಿನ ಕೆಳಗೇ ಸೂರ್ಯನ ಬೆಳಕು ಇಲ್ಲ, ಇವರು ಅದರ ಎರಡೂವರೆ ಪಟ್ಟು ಕೆಳಗೆ. ದೀಪ ಹಾಕಿದರೆ ಕಿಟಕಿಯಾಚೆ ಊರೇ ಇದೆ. ಊಟದ ತಟ್ಟೆಯಗಲದ ಚಿಪ್ಪುಗಳು, ಬಿಳಿ ಏಡಿಗಳು, ನೇರಳೆ ಬಣ್ಣದ ಆಕ್ಟೋಪಸ್. ಒಳಗೆ ಕೂತಿದ್ದ ಜ್ಯಾಕ್ ಕಾರ್ಲಿಸ್ ಮೇಲಿನ ಹಡಗಿಗೆ ಫೋನು ಮಾಡಿ, ಆಳಸಮುದ್ರ ಮರುಭೂಮಿಯಂತೆ ಇರಬೇಕಲ್ಲವೇ, ಇಲ್ಲಿ ನೋಡಿದರೆ ಇಷ್ಟೊಂದು ಪ್ರಾಣಿಗಳಿವೆ ಎಂದನಂತೆ.

ಆ ಪ್ರವಾಸದಲ್ಲೇ ಇನ್ನೊಂದು ಕಡೆ ಕಂಡದ್ದು ಹುಳುಗಳು. ಬಿಳಿ ಕೊಳವೆ, ಅದರ ತುದಿಯಲ್ಲಿ ರಕ್ತಗೆಂಪು ಗರಿಗುಚ್ಛ. ಈ ಜಾತಿ ಎರಡು ಮೀಟರಿಗಿಂತ ಉದ್ದ ಬೆಳೆಯುತ್ತದೆ. ಹಿಡಿದು ಮೇಲೆ ತಂದರು. ತಂದ ಮೇಲೆ ಕೊಳೆಯದಂತೆ ಇಡಲು ಏನೂ ಇಲ್ಲ. ಜೀವವಿಜ್ಞಾನಿಯೇ ಇಲ್ಲದ ಹಡಗಿನಲ್ಲಿ ಫಾರ್ಮಲಿನ್ ಎಲ್ಲಿಂದ ಬರಬೇಕು, ಇದ್ದದ್ದು ಚೂರುಪಾರು. ಕೊನೆಗೆ ಪನಾಮಾದಲ್ಲಿ ಕೊಂಡಿದ್ದ ರಷ್ಯನ್ ವೋಡ್ಕಾದಲ್ಲಿ ಅದ್ದಿ ಇಟ್ಟರು. ವಿಜ್ಞಾನದ ದೊಡ್ಡ ಶೋಧಗಳಲ್ಲಿ ಒಂದು ದಡ ಸೇರಿದ್ದು ಹೀಗೆ. ತಳದ ನೀರಿನ ಬಾಟಲಿ ತೆರೆದರೆ ಹಡಗಿನ ತುಂಬ ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್, ಗಂಧಕ ಸೇರಿದ ಅನಿಲ. ಒಳಚರಂಡಿ ಗುಂಡಿಗೆ ಇಳಿದವರ ಜೀವ ತೆಗೆಯುವ ಅನಿಲವೂ ಇದೇ. ಈ ನಾತವನ್ನು ನೆನಪಿಟ್ಟುಕೊಳ್ಳಿ.

ಹುಳುವನ್ನು ಸೀಳಿ ನೋಡಿದವರಿಗೆ ತಲೆ ಕೆಟ್ಟುಹೋಯಿತು. ಬಾಯಿ ಇಲ್ಲ. ಹೊಟ್ಟೆ ಇಲ್ಲ. ಕರುಳಿಲ್ಲ. ಆಳೆತ್ತರ ಬೆಳೆದ ಪ್ರಾಣಿ, ತಿನ್ನಲು ತೂತೇ ಇಲ್ಲ! ಒಳಗೆ ಇದ್ದದ್ದು ಮೈಯುದ್ದಕ್ಕೂ ಸ್ಪಂಜಿನಂಥ ಮೆತ್ತನೆಯ ಒಂದು ಅಂಗ.

1980ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ ಎಂಬ ಹುಳುತಜ್ಞ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದರ ಬಗ್ಗೆ ಪಾಠ ಮಾಡುತ್ತಿದ್ದರು. ಆ ಸ್ಪಂಜಿನಂಥ ಅಂಗದಲ್ಲಿ ಗಂಧಕದ ಹರಳುಗಳು ಸಿಕ್ಕವು ಎಂದು ಮಾತಿನ ನಡುವೆ ಹೇಳಿದರು. ಕೇಳುತ್ತಿದ್ದ ವಿದ್ಯಾರ್ಥಿನಿ ಕೊಲೀನ್ ಕೆವನಾ ಎದ್ದು ನಿಂತಳು. ಗಂಧಕ ಉರಿಸುವ ಬ್ಯಾಕ್ಟೀರಿಯಾ ಒಳಗಿರಬೇಕು, ಹುಳುವನ್ನು ಸಾಕುತ್ತಿರುವುದು ಅವೇ ಎಂದಳು. ಆಗಿನ್ನೂ ಸ್ನಾತಕೋತ್ತರದ ಹುಡುಗಿ. ಅಂಗದ ಚೂರು ಕೇಳಿ ಪಡೆದು ಸೂಕ್ಷ್ಮದರ್ಶಕದಲ್ಲಿ ನೋಡಿ, 1981ರಲ್ಲಿ ಪ್ರಕಟಿಸಿದಳು. ಅವಳ ಮಾತೇ ನಿಜ. ಒಂದು ಗ್ರಾಂ ಅಂಗದಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ.

ಈಗ ನಮ್ಮ ಎರಡು ಪ್ರಶ್ನೆ ಕೇಳಿ. ಆ ಬ್ಯಾಕ್ಟೀರಿಯಾಗೆ ಹಿಟ್ಟು ಎಲ್ಲಿಂದ? ಸಮುದ್ರದ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡಿನಿಂದ, ಅಂದರೆ ನಿಮ್ಮ ನುಗ್ಗೆಮರ ಬಳಸುವ ಹಿಟ್ಟೇ. ಉರಿ? ಕೊಳೆತ ಮೊಟ್ಟೆಯ ಆ ಅನಿಲದಿಂದ. ಸಲ್ಫೈಡನ್ನು ಆಮ್ಲಜನಕದ ಜೊತೆ ಸೇರಿಸಿ, ಬಂದ ಶಕ್ತಿಯಲ್ಲಿ ಸಕ್ಕರೆ ಕಟ್ಟುತ್ತವೆ. ಗಿಡದ ಗಿರಣಿಯೇ, ಒಲೆ ಮಾತ್ರ ಬೇರೆ. ಹುಳುವಿನ ಕೆಂಪು ಗರಿ ಇದೆಯಲ್ಲ, ಅದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನೂ ಸಲ್ಫೈಡನ್ನೂ ಒಟ್ಟಿಗೆ ಹೊತ್ತು, ವಿಷವಾಗದಂತೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಮುಟ್ಟಿಸುತ್ತದೆ. ಬಾಯಿ ಯಾಕೆ ಬೇಕು ಹೇಳಿ?

ಆ ಆಮ್ಲಜನಕ ಮೇಲಿನ ಸಸ್ಯಗಳು ಬಿಟ್ಟದ್ದಲ್ಲವೇ, ಹಾಗಾದರೆ ಸೂರ್ಯನ ಹಂಗು ಇದ್ದೇ ಇದೆಯಲ್ಲ ಎಂದು ಕೇಳುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಇದೆ, ಸ್ವಾಮಿ. ಆದರೆ ಉರಿಯುತ್ತಿರುವ ಸೌದೆ ಗಂಧಕದ್ದು, ಭೂಮಿಯ ಒಳಗಿನಿಂದ ಬಂದದ್ದು. ನನ್ನ ಪ್ರಶ್ನೆ ಸೌದೆಯದು.

ನಮ್ಮ ಹಿಂದೂ ಮಹಾಸಾಗರದ ತಳದಲ್ಲೂ ಇಂಥ ಬುಗ್ಗೆಗಳಿವೆ. ಅಲ್ಲೊಂದು ಬಸವನಹುಳು ಇದೆ, ಪಾದದ ಸುತ್ತ ಕಬ್ಬಿಣದ ಸಲ್ಫೈಡಿನ ಹುರುಪೆ ಹೊದ್ದಿರುವಂಥದ್ದು, ಅದರ ಗಂಟಲಿನ ಗ್ರಂಥಿಯೊಳಗೂ... ಬೇಡ, ಅದಕ್ಕೆ ಹೋದರೆ ಮೇಲೆ ಬರುವುದಿಲ್ಲ. ಕೊಟ್ಟ ಸಮಯದಲ್ಲಿ ದೊಡ್ಡ ಪಾಲು ಆಗಲೇ ಸಮುದ್ರದಲ್ಲೇ ಹೋಯಿತು.

ಕೆವನಾಗೆ ಆ ಉತ್ತರ ಥಟ್ಟನೆ ಹೊಳೆದದ್ದಕ್ಕೆ ಒಂದು ಹಿನ್ನೆಲೆ ಇದೆ. 1887ರಲ್ಲೇ ಸೆರ್ಗೇ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಗಂಧಕದ ಬುಗ್ಗೆಗಳ ನೂಲಿನಂಥ ಬ್ಯಾಕ್ಟೀರಿಯಾ ನೋಡುತ್ತಿದ್ದ. ಸಲ್ಫೈಡ್ ಕೊಟ್ಟರೆ ಅವುಗಳ ಒಳಗೆ ಗಂಧಕದ ಕಾಳು ತುಂಬುತ್ತದೆ, ನಿಲ್ಲಿಸಿದರೆ ಕಾಳು ಕರಗಿಹೋಗುತ್ತದೆ. ಇವು ಗಂಧಕವನ್ನು ಉರಿಸಿ ಬದುಕುತ್ತವೆ ಎಂದು ಕಂಡುಕೊಂಡವನು ಅವನು. ಕೆಲವೇ ವರ್ಷದಲ್ಲಿ ಇನ್ನೊಂದು ಜಾತಿ ಹಿಡಿದ. ರೈತರು ಕಿವಿಗೊಡಬೇಕಾದ್ದು ಇಲ್ಲಿ, ಯಾಕೆಂದರೆ ಆ ಜಾತಿ ನಿಮ್ಮ ಹೊಲದಲ್ಲೇ ಇದೆ.

ಯೂರಿಯಾ ಚೆಲ್ಲುತ್ತೀರಿ. ಮಣ್ಣಿನಲ್ಲಿ ಅದು ಮೊದಲು ಅಮೋನಿಯಾ ಆಗುತ್ತದೆ. ನೈಟ್ರೊಸೊಮೋನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ನೈಟ್ರೊಬ್ಯಾಕ್ಟರ್ ಅದನ್ನು ನೈಟ್ರೇಟ್ ಮಾಡುತ್ತದೆ. ಪಾಠಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಯಾಕೆ ಮಾಡುತ್ತವೆ ಎಂದು ಯಾರೂ ಕೇಳುವುದಿಲ್ಲ. ರೈತರ ಮೇಲಿನ ಪ್ರೀತಿಗೆ ಮಾಡುತ್ತವೆಯೇ? ಮೊದಲನೆಯದಕ್ಕೆ ಅಮೋನಿಯಾ ಸೌದೆ, ಎರಡನೆಯದಕ್ಕೆ ನೈಟ್ರೈಟ್ ಸೌದೆ, ಅಷ್ಟೇ. ಹಿಟ್ಟು ಇಂಗಾಲದ ಡೈಆಕ್ಸೈಡಿನಿಂದಲೇ. ಸಮುದ್ರದ ತಳದ ಬ್ಯಾಕ್ಟೀರಿಯಾ ಗಂಧಕ ಉರಿಸಿದರೆ, ನಿಮ್ಮ ಗದ್ದೆಯದು ನೀವು ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಉರಿಸುತ್ತದೆ. ತೇವದಲ್ಲಿ ಅಮೋನಿಯಾ ತಾಳುವ ರೂಪ ಅಮೋನಿಯಂ, ಅದಾದರೆ ಜೇಡಿಮಣ್ಣಿಗೆ ಅಂಟಿಕೊಂಡು ಇರುತ್ತದೆ, ನೈಟ್ರೇಟ್ ಆಯಿತೋ, ಒಂದು ಜೋರು ಮಳೆಗೆ ಬೇರಿನ ಕೆಳಕ್ಕೆ ಇಳಿದು ಹೋಗುತ್ತದೆ. 2015ರಿಂದ ನಮ್ಮ ಯೂರಿಯಾ ಚೀಲದಲ್ಲೆಲ್ಲ ಬೇವಿನೆಣ್ಣೆ ಲೇಪಿಸಿ ಬರುತ್ತದಲ್ಲ, ಅದರ ಒಂದು ಕೆಲಸ ಇದೇ. ಬೇವು ಈ ಬ್ಯಾಕ್ಟೀರಿಯಾಗಳ ಕೈ ತುಸು ಕಟ್ಟಿಹಾಕುತ್ತದೆ, ಸಾರಜನಕ ಹೆಚ್ಚು ದಿನ ಮಣ್ಣಿನಲ್ಲಿ ಉಳಿಯುತ್ತದೆ.

ಮಣ್ಣಿನ ಮಾತು ಬಂದದ್ದರಿಂದ ಇನ್ನೊಂದು. ಮಣ್ಣು ಆರೋಗ್ಯ ಕಾರ್ಡಿನಲ್ಲಿ ‘ಸಾವಯವ ಇಂಗಾಲ’ ಎಂಬ ಸಾಲು ಇರುತ್ತದೆ. ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಎಂದು ಬರೆದಿರುತ್ತಾರೆ. ಗಿಡ ಇಂಗಾಲವನ್ನು ಗಾಳಿಯಿಂದ ತೆಗೆದುಕೊಳ್ಳುವುದಾದರೆ ಮಣ್ಣಿನಲ್ಲಿ ಅದು ಯಾಕಪ್ಪಾ ಎಂದು ಬುದ್ಧಿವಂತ ರೈತರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದು ಗಿಡಕ್ಕೆ ಅಲ್ಲ. ಮಣ್ಣಿನ ಶಿಲೀಂಧ್ರ, ಎರೆಹುಳು, ಕೊಳೆಸುವ ಬ್ಯಾಕ್ಟೀರಿಯಾಗಳಿಗೆ. ಅವು ನಮ್ಮ ಹಾಗೆ, ಹಿಟ್ಟೂ ಉರಿಯೂ ಒಂದೇ ತುತ್ತಿನಲ್ಲಿ ಬೇಕು. ಕಬ್ಬಿನ ರವದಿಗೆ ಬೆಂಕಿ ಹಚ್ಚಿದರೆ ಅವುಗಳ ಹಿಟ್ಟು ಹೊಗೆಯಾಯಿತು, ಉರಿ ಒಂದು ಮಧ್ಯಾಹ್ನದಲ್ಲಿ ಸುಮ್ಮನೆ ಆಕಾಶಕ್ಕೆ ಹೋಯಿತು. ಹಿಟ್ಟಾದರೋ ಮತ್ತೆ ಬರುತ್ತದೆ. ಆ ಹೊಗೆಯ ಇಂಗಾಲವನ್ನು ಮುಂದಿನ ವರ್ಷ ಯಾರದೋ ಕಬ್ಬು ಹಿಡಿಯುತ್ತದೆ. ಉರಿ ಹಾಗಲ್ಲ, ಬಿಸಿಯಾಗಿ ಹೋದದ್ದು ಹೋಯಿತು, ದಿನವೂ ಹೊಸದು ಬರಬೇಕು. ಕಾಡೇ ಆಗಲಿ ಕೆರೆಯೇ ಆಗಲಿ, ನಡೆಯುವುದು ಹೀಗೆಯೇ. ಇದರ ಬಗ್ಗೆ ಇನ್ನೊಂದು ಭಾಷಣ ಬೇಕು, ಕರೆದರೆ ಬರುತ್ತೇನೆ.

ಗಿಡಗಳೆಲ್ಲ ಪ್ರಾಮಾಣಿಕ ಎಂದೂ ತಿಳಿಯಬೇಡಿ. ಮಾವಿನ ಮರದ ಬಂದಳಿಕೆಗೆ ಹಸಿರೆಲೆ ಇದೆ, ಹಿಟ್ಟು ಉರಿ ಹೆಚ್ಚುಪಾಲು ತಾನೇ ನೋಡಿಕೊಳ್ಳುತ್ತದೆ, ಕದಿಯುವುದು ನೀರು ಮತ್ತು ಲವಣ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಬೇರಿಗೆ ಅಂಟಿ ಏಳುವ ಎಲೆಯಿಲ್ಲದ ಗಿಡ ಹಾಗಲ್ಲ, ಅದು ಎರಡನ್ನೂ ತಂಬಾಕಿನಿಂದಲೇ ಹೀರುತ್ತದೆ.

ಉಳಿದದ್ದು ಒಂದು ಬಗೆ, ಉರಿ ಸೂರ್ಯನದು, ಹಿಟ್ಟು ಮಾತ್ರ ಬೇರೆಯವರದು. ಇಂಥವೂ ಇವೆಯೇ? ಇವೆ, ನಿಮ್ಮೂರ ಕೆರೆಯ ಕೆಸರಿನಲ್ಲಿ. ಹೇಳಿ ಮುಗಿಸುವಷ್ಟು ಹೊತ್ತಿಲ್ಲ, ಶಾಲೆಯ ಮಕ್ಕಳು, ಮೇಷ್ಟರು ಮಾಡಿಯೇ ನೋಡಿ. ಇದೂ ವಿನೊಗ್ರಾಡ್‌ಸ್ಕಿ ಕಲಿಸಿದ್ದೇ. ಅಗಲ ಬಾಯಿಯ ಗಾಜಿನ ಭರಣಿ ತೆಗೆದುಕೊಳ್ಳಿ. ಕೆರೆಯ ಕೆಸರಿಗೆ ಒಂದು ಹಿಡಿ ಹರಿದ ನ್ಯೂಸ್‌ಪೇಪರು, ಒಂದು ಮೊಟ್ಟೆಯ ಹಳದಿ ಕಲಸಿ ಮುಕ್ಕಾಲು ತುಂಬಿ. ಕಾಗದ ಇಂಗಾಲಕ್ಕೆ, ಮೊಟ್ಟೆ ಗಂಧಕಕ್ಕೆ. ಮೇಲೆ ಎರಡು ಬೆರಳು ಕೆರೆಯ ನೀರು. ಬೆಳಕಿರುವ ಕಿಟಕಿಯಲ್ಲಿಟ್ಟು ಆರರಿಂದ ಎಂಟು ವಾರ ಕದಲಿಸಬೇಡಿ. ತಳ ಕಪ್ಪಾಗುತ್ತದೆ, ಅದರ ಮೇಲೆ ಹಸಿರು, ನೇರಳೆ ಪಟ್ಟೆಗಳು ಬರುತ್ತವೆ. ಇನ್ನೂ ಮೇಲೆ ಇಟ್ಟಿಗೆಗೆಂಪು ಕಂಡರೆ ನಾನು ಹೇಳಿದ ಬಗೆ ಅದೇ. ಪ್ರತಿ ಪಟ್ಟೆಯ ಎದುರಿಗೂ ಮಕ್ಕಳು ಚೀಟಿ ಅಂಟಿಸಲಿ, ಹಿಟ್ಟು ಎಲ್ಲಿಂದ, ಉರಿ ಎಲ್ಲಿಂದ ಎಂದು ಬರೆದು. ಮುಚ್ಚಳ ಮಾತ್ರ ಬಿಗಿಯಾಗಿ ತಿರುಗಿಸಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ನಾತದ ವಿಷಯ ಮನೆಯಲ್ಲಿ ಅಮ್ಮನಿಗೆ ಮೊದಲೇ ಹೇಳಿಬಿಡಿ.

ನಮಸ್ಕಾರ.